ಸ್ನೋ ಬಿದ್ದ ದಿನ ಮಕ್ಕಳಿಗೇ ಇರಲಿ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಅಪ್ಪ ಅಮ್ಮಂದಿರಲ್ಲಿ ಹೆಚ್ಚಿನವರು ಸ್ನೋ ಇಲ್ಲದ ಕಡೆ ಬೆಳೆದವರು. ನಿಮ್ಮ ಮಕ್ಕಳು ಬೆಳೆಯುತ್ತಿರುವುದು ಮಾತ್ರ ಮ್ಯಾಸಚೂಸೆಟ್ಸ್‌ನ ಚಳಿಗಾಲದಲ್ಲಿ. ನಾನು ಹುಟ್ಟಿ ಬೆಳೆದದ್ದು ಇಲ್ಲೇ. ಈಗ ನನ್ನ ಮಕ್ಕಳನ್ನು ಬೆಳೆಸುತ್ತಿರುವುದೂ ಇಲ್ಲೇ. ಅದಕ್ಕೇ ಈ ವಿಷಯದ ಬಗ್ಗೆ ಮಾತಾಡಿ ಅಂತ ಕೇಳಿದಾಗ ಖುಷಿಯಿಂದ ಒಪ್ಪಿಕೊಂಡೆ. ನನಗೆ ಹೇಳಬೇಕಾದದ್ದು ಒಂದೇ. ಸ್ನೋ ಬಿದ್ದು ಶಾಲೆಗೆ ರಜೆ ಸಿಕ್ಕ ದಿನ ಮಕ್ಕಳದ್ದು. ಬೆಚ್ಚಗೆ ಬಟ್ಟೆ ಹಾಕಿಸಿ, ನಿಜವಾದ ಅಪಾಯಗಳನ್ನು ದೂರ ಮಾಡಿ, ಆ ದಿನವನ್ನು ಅವರ ಕೈಗೆ ಬಿಟ್ಟುಬಿಡಿ.

ನಮ್ಮ ಅಪ್ಪ ಅಮ್ಮ ಅಮೆರಿಕಕ್ಕೆ ಬಂದದ್ದು 1977ರಲ್ಲಿ. ಅವರ ಮೊದಲ ಚಳಿಗಾಲದಲ್ಲೇ ಆ ದೊಡ್ಡ ಹಿಮಗಾಳಿ ಬಂತು. 1978ರ ಫೆಬ್ರವರಿ 6, ಸೋಮವಾರ. ಬೆಳಗ್ಗೆ ಜನ ಎಂದಿನಂತೆ ಕೆಲಸಕ್ಕೆ ಹೋಗಿದ್ದರು. ಮಧ್ಯಾಹ್ನ ವಾಪಸ್ ಹೊರಟಾಗ ರಸ್ತೆಯೇ ಕಾಣುತ್ತಿರಲಿಲ್ಲ. ಬಾಸ್ಟನ್ ಸುತ್ತಲಿನ ಹೆದ್ದಾರಿ ರೂಟ್ 128ರಲ್ಲಿ ಮೂರು ಸಾವಿರಕ್ಕೂ ಜಾಸ್ತಿ ಕಾರುಗಳು ಸಿಕ್ಕಿಹಾಕಿಕೊಂಡವು. ಬಾಸ್ಟನ್‌ನಲ್ಲಿ ಬಿದ್ದದ್ದು 27.1 ಇಂಚು, ಅಂದರೆ ಸುಮಾರು 69 ಸೆಂಟಿಮೀಟರ್. ಆಮೇಲೆ ದಿನಗಟ್ಟಲೆ ಕಾರು ಓಡಿಸುವುದಕ್ಕೇ ನಿಷೇಧ ಇತ್ತು. ಗವರ್ನರ್ ಮೈಕೆಲ್ ಡುಕಾಕಿಸ್ ಸ್ವೆಟರ್ ಹಾಕಿಕೊಂಡು ಟಿವಿಯಲ್ಲಿ ಬಂದು ಜನರಿಗೆ ಧೈರ್ಯ ಹೇಳುತ್ತಿದ್ದರು. ಆ ಸ್ವೆಟರ್ ಅಮ್ಮನಿಗೆ ಇವತ್ತಿಗೂ ನೆನಪಿದೆ. ಪಕ್ಕದ ಮನೆಯ ಅಜ್ಜ ಬಂದು ಬಾಗಿಲು ಬಡಿದು, ಅಪ್ಪನ ಕೈಗೆ ಸ್ನೋ ಎತ್ತಿ ಹಾಕುವ ಒಂದು ಶವೆಲ್ ಕೊಟ್ಟರಂತೆ. ಬೆನ್ನು ಬಗ್ಗಿಸಬೇಡ, ಮೊಣಕಾಲು ಬಗ್ಗಿಸು ಅಂತ ತೋರಿಸಿಕೊಟ್ಟರಂತೆ. ನಾನು ಹುಟ್ಟಿದ್ದು ಅದಾಗಿ ಕೆಲವು ವರ್ಷದ ಮೇಲೆ. ಆದರೂ ಈ ಕಥೆ ಎಷ್ಟು ಸಲ ಕೇಳಿದ್ದೇನೆ ಅಂದರೆ, ನಾನೂ ಅಲ್ಲೇ ಇದ್ದೆ ಅನ್ನಿಸುತ್ತದೆ.

ಯಾಕೆ ಇದನ್ನು ಹೇಳಿದೆ? ಅಪ್ಪ ಅಮ್ಮನಿಗೆ ಸ್ನೋದಲ್ಲಿ ಆಡಿದ ಬಾಲ್ಯ ಇರಲಿಲ್ಲ. ನಮ್ಮ ಕಾಲದಲ್ಲಿ ಹೀಗೆ ಆಡುತ್ತಿದ್ದೆವು ಅಂತ ಹೇಳಿಕೊಡಲು ಅವರ ಹತ್ತಿರ ಏನೂ ಇರಲಿಲ್ಲ. ಹಾಗಾಗಿ ಅವರು ನಮ್ಮನ್ನೇ ಕೇಳುತ್ತಿದ್ದರು. ಜಾಕೆಟನ್ನು ನೆಲದ ಮೇಲೆ ಬಿಡಿಸಿಟ್ಟು, ಟೋಪಿಯ ಭಾಗ ಕಾಲ ಹತ್ತಿರ ಬರುವ ಹಾಗೆ ನಿಂತು, ಎರಡೂ ತೋಳು ತೂರಿಸಿ, ತಲೆಯ ಮೇಲಿಂದ ಹಿಂದಕ್ಕೆ ಬೀಸಿದರೆ ಜಾಕೆಟ್ ತಾನೇ ಮೈಮೇಲೆ ಬಂದುಬಿಡುತ್ತದೆ. ಕಿಂಡರ್‌ಗಾರ್ಟನ್‌ನಲ್ಲಿ ಟೀಚರ್ ಕಲಿಸಿದ್ದನ್ನು ನಾನು ಅಮ್ಮನಿಗೆ ಮಾಡಿ ತೋರಿಸಿದೆ. ಅಮ್ಮ ಅದನ್ನು ತಂಗಿಗೆ ಕಲಿಸಿದಳು. ಸ್ನೋ ವಿಷಯದಲ್ಲಿ ನಮ್ಮ ಮನೆಯಲ್ಲಿ ಮಕ್ಕಳೇ ಹಿರಿಯರು. ಅದರಿಂದ ನನಗೆ ಸಿಕ್ಕ ಧೈರ್ಯ ದೊಡ್ಡದು. ನಿಮಗೆ ಸ್ನೋ ಗೊತ್ತಿಲ್ಲ ಅಂತ ಹಿಂಜರಿಯಬೇಡಿ. ನಿಮ್ಮ ಮಗುವನ್ನು ಕೇಳಿ. ಅದು ತೋರಿಸುತ್ತದೆ.

ಆಗ ರಜೆಯ ಸುದ್ದಿ ಬರುತ್ತಿದ್ದದ್ದು ರೇಡಿಯೋದಲ್ಲಿ. ಬೆಳಗ್ಗೆ ಇನ್ನೂ ಕತ್ತಲಿರುವಾಗ ಡಬ್ಲ್ಯೂಬಿಝಡ್ ಸ್ಟೇಷನ್ ಹಾಕುತ್ತಿದ್ದೆವು. ಮುಚ್ಚಿದ ಶಾಲೆಗಳ ಹೆಸರನ್ನು ಅಕ್ಷರದ ಕ್ರಮದಲ್ಲಿ ಓದುತ್ತಿದ್ದರು. ನಮ್ಮ ಊರಿನ ಹೆಸರು ಪಟ್ಟಿಯ ಕೊನೆಯಲ್ಲಿ. ಆಕ್ಟನ್, ಆಂಡೋವರ್, ಆರ್ಲಿಂಗ್ಟನ್ ಅಂತ ಶುರುವಾಗಿ ನಮ್ಮವರೆಗೆ ಬರುವಷ್ಟರಲ್ಲಿ ಜೀವ ಬಾಯಿಗೆ ಬಂದಿರುತ್ತಿತ್ತು. ಯಾರಾದರೂ ಕೆಮ್ಮಿ ಆ ಹೆಸರು ತಪ್ಪಿಹೋದರೆ, ಮತ್ತೆ ಮೊದಲಿಂದ ಇಡೀ ಪಟ್ಟಿ ಕೇಳಬೇಕು.

ಈಗ ಹಿಂದಿನ ರಾತ್ರಿಯೇ ಫೋನ್‌ಗೆ ಮೆಸೇಜ್ ಬರುತ್ತದೆ. ಕೆಲಸಕ್ಕೆ ಹೋಗುವ ನಮ್ಮಂಥವರಿಗೆ ಇದು ದೊಡ್ಡ ಉಪಕಾರ, ಅಲ್ವಾ? ಆದರೆ ಒಂದು ಸಂಗತಿ ಬದಲಾಗಿಲ್ಲ. ಸ್ನೋ ಬರಲಿ ಅಂತ ಮಕ್ಕಳು ಇವತ್ತಿಗೂ ಪೈಜಾಮ ಉಲ್ಟಾ ಹಾಕಿಕೊಂಡು ಮಲಗುತ್ತಾರೆ. ದಿಂಬಿನ ಕೆಳಗೆ ಚಮಚ ಇಡುತ್ತಾರೆ. ಫ್ರೀಜರ್‌ನಿಂದ ಐಸ್ ತುಂಡು ತಂದು ಟಾಯ್ಲೆಟ್‌ನಲ್ಲಿ ಹಾಕಿ ಫ್ಲಶ್ ಮಾಡುತ್ತಾರೆ. ನಾನೂ ಮಾಡಿದ್ದೆ, ನನ್ನ ಮಕ್ಕಳೂ ಮಾಡುತ್ತಾರೆ. ನಾನು ಇದನ್ನು ಅವರಿಗೆ ಕಲಿಸಿಲ್ಲ. ಶಾಲೆಯ ಬಸ್ಸಿನಲ್ಲಿ ಒಂದು ಮಗುವಿನಿಂದ ಇನ್ನೊಂದಕ್ಕೆ ಬಂದ ವಿದ್ಯೆ ಇದು. ನಿಮ್ಮ ಮನೆಯಲ್ಲಿ ಬೆಳಗ್ಗೆ ದಿಂಬಿನ ಕೆಳಗೆ ಚಮಚ ಸಿಕ್ಕರೆ ಬೈಯಬೇಡಿ.

ನನ್ನ ಬಾಲ್ಯದ ಅತ್ಯಂತ ದೊಡ್ಡ ಸ್ನೋ ಬಿದ್ದದ್ದು ಏಪ್ರಿಲ್ ಒಂದನೇ ತಾರೀಕು. 1997ನೇ ಇಸವಿ. ಅದರ ಹಿಂದಿನ ಭಾನುವಾರ ಈಸ್ಟರ್, ಸ್ವೆಟರ್ ಇಲ್ಲದೆ ಹೊರಗೆ ಓಡಾಡಿದ್ದೆವು. ಮಂಗಳವಾರ ಬೆಳಗ್ಗೆ ನೋಡಿದರೆ ಕಿಟಕಿಯ ಅರ್ಧದವರೆಗೆ ಸ್ನೋ! ಬಾಸ್ಟನ್‌ನಲ್ಲಿ 25.4 ಇಂಚು. ಶಾಲೆ ಇಲ್ಲ ಅಂತ ಅಪ್ಪ ಹೇಳಿದಾಗ ಏಪ್ರಿಲ್ ಫೂಲ್ ಅಂದುಕೊಂಡು ತಂಗಿ ಬ್ಯಾಗ್ ಹಾಕಿಕೊಂಡು ಕೂತಿದ್ದಳು. ಆ ಸ್ನೋ ಒದ್ದೆ, ಭಾರ. ಒಂದು ಉಂಡೆ ಮಾಡಿ ಉರುಳಿಸಿದರೆ ನಾಲ್ಕು ಹೆಜ್ಜೆಯಲ್ಲಿ ನಮ್ಮ ಸೊಂಟದಷ್ಟಾಗುತ್ತಿತ್ತು.

ಇದರ ಹಿಂದಿನ ಕಾರಣವನ್ನು ಮಕ್ಕಳು ಪುಸ್ತಕ ಇಲ್ಲದೆಯೇ ಕಂಡುಹಿಡಿಯುತ್ತಾರೆ. ಗಾಳಿಯ ಬಿಸಿ ಸೊನ್ನೆ ಡಿಗ್ರಿ ಆಸುಪಾಸಿನಲ್ಲಿದ್ದರೆ ಸ್ನೋದ ಹರಳುಗಳ ನಡುವೆ ಸ್ವಲ್ಪ ನೀರು ಇರುತ್ತದೆ. ಆ ನೀರೇ ಅಂಟು. ಸ್ನೋಮ್ಯಾನ್ ನಿಲ್ಲುವುದು ಅದರಿಂದ. ಮೈನಸ್ ಹತ್ತಕ್ಕೆ ಇಳಿದರೆ ಸ್ನೋ ಒಣಗಿದ ಪುಡಿ. ಎಷ್ಟು ಒತ್ತಿದರೂ ಉಂಡೆ ಕಟ್ಟುವುದಿಲ್ಲ. ಆದರೆ ಕೂತು ಜಾರುವ ಹಲಗೆ, ಅಂದರೆ ಸ್ಲೆಡ್, ಚೆನ್ನಾಗಿ ಜಾರುತ್ತದೆ. ಇವತ್ತು ಕಟ್ಟುವ ದಿನವೋ ಜಾರುವ ದಿನವೋ ಅಂತ ಒಂದು ಹಿಡಿ ಹಿಚುಕಿ ನೋಡಿ ಹೇಳುವ ಏಳು ವರ್ಷದ ಮಗು ನಿಜವಾದ ವಿಜ್ಞಾನ ಮಾಡುತ್ತಿದೆ. ಹೊಸ ಸ್ನೋದಲ್ಲಿ ಬಹುಪಾಲು ಬರೀ ಗಾಳಿ. ಆ ಸಂದುಗಳು ಶಬ್ದವನ್ನು ನುಂಗುತ್ತವೆ. ಬೆಳಗ್ಗೆ ಎದ್ದ ತಕ್ಷಣ, ಪರದೆ ಸರಿಸುವ ಮೊದಲೇ, ಸ್ನೋ ಬಿದ್ದಿದೆ ಅಂತ ನಮಗೆ ಗೊತ್ತಾಗುತ್ತಿದ್ದದ್ದು ಅದಕ್ಕೇ.

ಇಲ್ಲಿ ಒಬ್ಬ ಹುಡುಗನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ವಿಲ್ಸನ್ ಬೆಂಟ್ಲಿ. ಇಲ್ಲಿಂದ ಉತ್ತರಕ್ಕೆ, ವರ್ಮಾಂಟ್‌ನ ಜೆರಿಕೋ ಎಂಬ ಊರಿನ ರೈತರ ಮಗ. ಹುಟ್ಟಿದ್ದು 1865ರಲ್ಲಿ. ಅವನ ತಾಯಿ ಹಿಂದೆ ಟೀಚರ್ ಆಗಿದ್ದವರು. ಹೆಚ್ಚಾಗಿ ಮನೆಯಲ್ಲೇ ಪಾಠ ಹೇಳಿಕೊಟ್ಟರು. ಅವನ ಹದಿನೈದನೇ ಹುಟ್ಟುಹಬ್ಬಕ್ಕೆ ತಮ್ಮ ಹಳೇ ಸೂಕ್ಷ್ಮದರ್ಶಕ ಕೊಟ್ಟರು. ಹುಡುಗ ಅದರಲ್ಲಿ ಹಿಮದ ಹರಳು ನೋಡಿದ. ಅಷ್ಟೇ, ಜೀವನ ಪೂರ್ತಿ ಅದರ ಹಿಂದೆ ಹೋದ. ಕರಗುವುದರೊಳಗೆ ಚಿತ್ರ ಬರೆಯಲು ನೋಡಿದ. ಆಗಲಿಲ್ಲ. ಕ್ಯಾಮೆರಾ ಬೇಕು ಅಂದ. ಅಪ್ಪನಿಗೆ ಇದೆಲ್ಲ ಹುಚ್ಚಾಟ ಅನ್ನಿಸುತ್ತಿತ್ತು. ಹೊಲ, ಹಸು ಬಿಟ್ಟು ಸ್ನೋ ನೋಡುತ್ತಾ ಕೂರುವುದು ಯಾವ ಕೆಲಸ? ಆದರೂ ಕ್ಯಾಮೆರಾ ಮನೆಗೆ ಬಂತು. 1885ರ ಜನವರಿ 15ರಂದು ಆ ಹುಡುಗ ಒಂದು ಹಿಮದ ಹರಳಿನ ಫೋಟೋ ತೆಗೆದ. ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಒಂದೊಂದೇ ಹರಳನ್ನು ಹಾಗೆ ಹಿಡಿದ ಮೊದಲಿಗರಲ್ಲಿ ಅವನೂ ಒಬ್ಬ. ಸಾಯುವುದರೊಳಗೆ ಐದು ಸಾವಿರಕ್ಕೂ ಜಾಸ್ತಿ ತೆಗೆದ.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಆ ಅಪ್ಪ. ಮಗ ಮಾಡುತ್ತಿರುವುದು ಅವನಿಗೆ ಅರ್ಥವಾಗಲಿಲ್ಲ, ಒಪ್ಪಿಗೆಯೂ ಆಗಲಿಲ್ಲ. ಆದರೂ ಅಡ್ಡ ನಿಲ್ಲಲಿಲ್ಲ. ನಿಮ್ಮ ಮನೆಯಲ್ಲೂ ಇದನ್ನು ಮಾಡಬಹುದು. ಒಂದು ಕಪ್ಪು ಬಟ್ಟೆಯನ್ನು ಅರ್ಧ ಗಂಟೆ ಹೊರಗಿಟ್ಟು ತಣ್ಣಗಾಗಲು ಬಿಡಿ. ಸ್ನೋ ಬೀಳುವಾಗ ಅದರ ಮೇಲೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಉಸಿರು ಮಾತ್ರ ತಾಗಬಾರದು. ಆರು ಮೂಲೆಗಳು ಎದ್ದು ಕಾಣುತ್ತವೆ.

ಈಗ ಅಪಾಯದ ಮಾತು. ಮಕ್ಕಳಿಗೆ ಬಿಟ್ಟುಬಿಡಿ ಅಂತ ಹೇಳುವವಳು ಇದನ್ನು ಬಿಡುವ ಹಾಗಿಲ್ಲ. ಸ್ನೋದಲ್ಲಿ ಅಪಾಯ ಚಳಿಯೊಂದೇ ಅಲ್ಲ. 2005ರ ಜನವರಿಯಲ್ಲಿ ನಮ್ಮದೇ ರಾಜ್ಯದ ಪ್ಲಿಮತ್‌ನಲ್ಲಿ ಏಳು ವರ್ಷದ ಒಂದು ಹುಡುಗಿ ತೀರಿಕೊಂಡಳು. ಮನೆ ಬಿಸಿ ಮಾಡುವ ಯಂತ್ರದ ಹೊಗೆ ಹೊರಗೆ ಹೋಗುವ ಕೊಳವೆ ಸ್ನೋದಿಂದ ಮುಚ್ಚಿಹೋಗಿತ್ತು. ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ತುಂಬಿತು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಇವತ್ತು ಮ್ಯಾಸಚೂಸೆಟ್ಸ್‌ನ ಮನೆಗಳಲ್ಲಿ ಈ ಅನಿಲದ ಅಲಾರಂ ಕಡ್ಡಾಯವಾಗಿರುವುದು ಅವಳ ಹೆಸರಿನ ನಿಕೋಲ್ ಕಾಯ್ದೆಯಿಂದ. 2013ರ ಫೆಬ್ರವರಿಯ ಹಿಮಗಾಳಿಯಲ್ಲಿ ಬಾಸ್ಟನ್‌ನಲ್ಲಿ ಒಬ್ಬ ಹುಡುಗ, ಅಪ್ಪ ಶವೆಲ್ ಮಾಡುತ್ತಿದ್ದಾಗ, ಬೆಚ್ಚಗಿರಲು ಕಾರಿನಲ್ಲಿ ಕೂತಿದ್ದ. ಇಂಜಿನ್ ಓಡುತ್ತಿತ್ತು. ಹೊಗೆ ಕೊಳವೆ ಸ್ನೋದಲ್ಲಿ ಹೂತಿತ್ತು. ಅವನೂ ಉಳಿಯಲಿಲ್ಲ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ದಯವಿಟ್ಟು, ಮಕ್ಕಳು ಹೊರಗೆ ಓಡುವ ಮೊದಲು ನೀವು ಹೋಗಿ ಮನೆಯ ಹೊಗೆ ಕೊಳವೆಯ ಮುಂದಿನ ಸ್ನೋ ತೆಗೆಯಿರಿ. ಕಾರಿನದ್ದನ್ನು ತೆಗೆಯದೆ ಇಂಜಿನ್ ಶುರು ಮಾಡಲೇಬೇಡಿ.

ಇನ್ನೊಂದು, ರಸ್ತೆ ಬದಿಯ ಸ್ನೋ ಗುಡ್ಡೆ. ಪ್ಲೋ ಟ್ರಕ್ ತಳ್ಳಿ ಮಾಡಿದ ಆ ಗುಡ್ಡೆಯಲ್ಲಿ ಸುರಂಗ ಕೊರೆಯಲು ಪ್ರತಿ ಮಗುವಿಗೂ ಆಸೆ. ಅಲ್ಲಿ ಬೇಡ. ಸುರಂಗ ಕುಸಿದರೆ ಒಳಗಿನಿಂದ ಕೂಗಿದ್ದು ಕೇಳುವುದಿಲ್ಲ. ಪ್ಲೋ ಡ್ರೈವರ್‌ಗೆ ಗುಡ್ಡೆಯೊಳಗಿನ ಮಗು ಕಾಣುವುದಿಲ್ಲ. ಹಿತ್ತಲಲ್ಲಿ, ಮೇಲ್ಛಾವಣಿ ಇಲ್ಲದ ಕೋಟೆ ಕಟ್ಟಲಿ. ಸ್ಲೆಡ್ ಮೇಲೆ ಕೂತು, ಕಾಲು ಮುಂದೆ ಮಾಡಿ ಹೋಗಲಿ. ತಲೆ ಮುಂದೆ ಮಾಡಿ ಮಲಗಿ ಹೋಗುವುದು ಬೇಡ. ಹೆಲ್ಮೆಟ್ ಇರಲಿ. ದಿಬ್ಬದ ಕೆಳಗೆ ರಸ್ತೆ, ಮರ, ಕೆರೆ ಇರಬಾರದು.

ಚಳಿಯ ಲೆಕ್ಕ ಹೀಗೆ. ಮೈನಸ್ 18 ಡಿಗ್ರಿ ಇದ್ದು, ಗಂಟೆಗೆ 24 ಕಿಲೋಮೀಟರ್ ಗಾಳಿ ಇದ್ದರೆ ಮೈಗೆ ಮೈನಸ್ 28ರ ಹಾಗಾಗುತ್ತದೆ. ಬರಿ ಚರ್ಮ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಬಹುದು. ಅಂಥ ದಿನ ಒಳಗೇ ಇರಲಿ. ಆದರೆ ಅಂಥ ದಿನ ಕಡಿಮೆ. ಉಳಿದ ದಿನ ಒಳಗಡೆ ಹತ್ತಿ ಬಟ್ಟೆ ಬೇಡ, ಅದು ಬೆವರು ಹಿಡಿದುಕೊಂಡು ತಣ್ಣಗಾಗುತ್ತದೆ. ಉಣ್ಣೆ ಅಥವಾ ಪಾಲಿಯೆಸ್ಟರ್ ಹಾಕಿಸಿ. ಇನ್ನೊಂದು ಜೊತೆ ಮಿಟನ್, ಅಂದರೆ ಕೈಗವಸು, ಒಣಗಿಸಿ ಇಟ್ಟುಕೊಳ್ಳಿ. ಮೊದಲು ಒದ್ದೆಯಾಗುವುದು ಅದೇ.

ಇಷ್ಟಾದ ಮೇಲೆ ಸುಮ್ನೆ ಬಿಡಿ. ಇದೇ ಕಷ್ಟ. ನಮಗೆ ಖಾಲಿ ದಿನ ಕಂಡರೆ ಭಯ. ಗಣಿತದ ಹಾಳೆ ತೆಗೆಯುತ್ತೇವೆ, ಆನ್‌ಲೈನ್ ಕ್ಲಾಸ್ ಹುಡುಕುತ್ತೇವೆ. ನ್ಯೂಯಾರ್ಕ್ ನಗರವಂತೂ 2020ರಲ್ಲೇ ಸ್ನೋ ರಜೆಯ ಬದಲು ಮನೆಯಿಂದ ಪಾಠ ಅಂತ ಹೇಳಿಬಿಟ್ಟಿತು. 2024ರ ಫೆಬ್ರವರಿ 13ರಂದು ಹಾಗೆ ಮಾಡಲು ಹೋದಾಗ ಎಷ್ಟೋ ಮಕ್ಕಳಿಗೆ ಲಾಗಿನ್ ಆಗಲೇ ಇಲ್ಲ. ಲಾಗಿನ್ ಆಗಿದ್ದರೂ ನನಗೆ ಇದು ಒಪ್ಪಿಗೆ ಇಲ್ಲ. ನಮ್ಮ ರಾಜ್ಯದಲ್ಲಿ ಶಾಲೆ 180 ದಿನ ನಡೆಯಲೇಬೇಕು. ಚಳಿಗಾಲದಲ್ಲಿ ಹೋದ ದಿನ ಜೂನ್‌ನಲ್ಲಿ ವಾಪಸ್ ಬರುತ್ತದೆ. ಪಾಠ ಎಲ್ಲೂ ಹೋಗುವುದಿಲ್ಲ.

2015ರಲ್ಲಿ ನನ್ನ ಮಗ ಚಿಕ್ಕವನು. ಆ ಚಳಿಗಾಲ ಬಾಸ್ಟನ್‌ನಲ್ಲಿ 110.6 ಇಂಚು ಬಿದ್ದು ದಾಖಲೆಯಾಯಿತು. ವಾರ ವಾರವೂ ರಜೆ. ನಗರದ ರಸ್ತೆಗಳಿಂದ ತೆಗೆದ ಸ್ನೋವನ್ನು ಅಲ್ಲಿನ ಸೀಪೋರ್ಟ್ ಬಡಾವಣೆಯಲ್ಲಿ ಬೆಟ್ಟದ ಹಾಗೆ ಸುರಿದಿದ್ದರು. ಅದು ಕರಗಿ ಮುಗಿದದ್ದು ಜುಲೈ 14ಕ್ಕೆ. ಬೇಸಿಗೆ ಪೂರ್ತಿ ಅವನ ಪ್ರಶ್ನೆ ಅದೊಂದೇ, ಇನ್ನೂ ಇದೆಯಾ ಅಮ್ಮಾ?

ಎಲ್ಲರಿಗೂ ಮನೆಯಲ್ಲಿ ಉಳಿಯಲು ಆಗುವುದಿಲ್ಲ ಅನ್ನುವುದೂ ನನಗೆ ಗೊತ್ತು. ಆಸ್ಪತ್ರೆಯಲ್ಲಿ, ಬಸ್ಸಿನಲ್ಲಿ ಕೆಲಸ ಮಾಡುವವರಿಗೆ ಸ್ನೋ ದಿನ ರಜೆ ಅಲ್ಲ. ಗಂಟೆ ಲೆಕ್ಕದಲ್ಲಿ ಸಂಬಳ ಇರುವವರಿಗೆ ಅದು ನಷ್ಟ. ಅದಕ್ಕೇ ಒಂದು ಬೀದಿಯ ನಾಲ್ಕು ಮನೆಯವರು ಈಗಲೇ, ಸ್ನೋ ಬರುವ ಮೊದಲೇ, ಮಾತಾಡಿಕೊಳ್ಳಿ. ಯಾರು ಮನೆಯಲ್ಲಿರುತ್ತಾರೋ ಅವರ ಹಿತ್ತಲಿಗೆ ಎಲ್ಲ ಮಕ್ಕಳೂ ಹೋಗಲಿ. ಮುಂದಿನ ಸಲ ಇನ್ನೊಬ್ಬರ ಮನೆ. ಮಕ್ಕಳಿಗೂ ಅದೇ ಇಷ್ಟ, ಕೋಟೆ ಕಟ್ಟಲು ಕೈ ಜಾಸ್ತಿ ಬೇಕು.

ಹೊರಗಿನ ಮೇಜಿನ ಮೇಲೆ ನಮ್ಮ ಮಕ್ಕಳಿಗೆ ಚಿಕ್ಕದಾದ ಬೂಟು, ಸ್ನೋ ಪ್ಯಾಂಟು, ಮಿಟನ್ ಇಟ್ಟಿದ್ದೇವೆ. ಎಲ್ಲವೂ ಒಗೆದದ್ದು, ಅಳತೆ ಚೀಟಿ ಅಂಟಿಸಿದೆ. ಬೂಟನ್ನು ದಪ್ಪ ಸಾಕ್ಸ್ ಹಾಕಿಸಿ ನೋಡಿ, ಬೆರಳು ಆಡಿಸಲು ಜಾಗ ಇರಲಿ. ಬೇಕಾದ್ದು ತೆಗೆದುಕೊಂಡು ಹೋಗಿ. ಈಗ ಪ್ರಶ್ನೆ ಇದ್ದರೆ ಕೇಳಿ. ಮಕ್ಕಳು ಮೊದಲು ಕೇಳಲಿ.