ಕ್ಷೌರದ ಕತ್ತಿ ಮತ್ತು ಕರ್ತನ ಪ್ರಾರ್ಥನೆ

ಕೇಳುಗರೆಲ್ಲರಿಗೂ ನಮಸ್ಕಾರ. ಈ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡಿರುವವರಲ್ಲಿ ಬಹಳಷ್ಟು ಜನ ಕೈಯಲ್ಲಿ ಒಂದಲ್ಲ ಒಂದು ಕೆಲಸ ಹಿಡಿದುಕೊಂಡೇ ಇರುತ್ತೀರಿ. ಒಬ್ಬರು ತರಕಾರಿ ಹೆಚ್ಚುತ್ತಿರಬಹುದು, ಒಬ್ಬರು ಅಂಗಡಿಯ ಬಾಗಿಲೆತ್ತಿ ಕಸ ಗುಡಿಸುತ್ತಿರಬಹುದು, ಇನ್ನೊಬ್ಬರು ಆಟೋ ನಿಲ್ದಾಣದಲ್ಲಿ ಸರದಿ ಕಾಯುತ್ತಿರಬಹುದು. ದಯವಿಟ್ಟು ಆ ಕೆಲಸವನ್ನು ನಿಲ್ಲಿಸಬೇಡಿ. ನಾನು ಮಾತನಾಡಬೇಕೆಂದಿರುವುದು ಆ ಕೆಲಸದ ಬಗ್ಗೆಯೇ.

ಹದಿನಾರನೆಯ ಶತಮಾನದ ಜರ್ಮನ್ ಧರ್ಮಸುಧಾರಕ ಮಾರ್ಟಿನ್ ಲೂಥರ್ ಅವರ ಬೋಧನೆಯನ್ನು ಅನುಸರಿಸುವ ಲೂಥರನ್ ಸಭೆಗೆ, ಅಂದರೆ ಚರ್ಚಿಗೆ, ಸೇರಿದ ಕ್ರೈಸ್ತರು ದಿನನಿತ್ಯದ ಬದುಕಿನಲ್ಲಿ ತಮ್ಮ ನಂಬಿಕೆಯನ್ನು ಹೇಗೆ ಬಾಳಬೇಕು ಎಂಬುದು ನನಗೆ ಕೊಟ್ಟಿರುವ ವಿಷಯ. ಈ ಪ್ರಶ್ನೆ ಕೇಳುವವರಲ್ಲಿ ಅನೇಕರು ಒಂದು ಪಟ್ಟಿಯನ್ನು ಎದುರುನೋಡುತ್ತಾರೆ. ದಿನಕ್ಕೆ ಎಷ್ಟು ಅಧ್ಯಾಯ ಓದಬೇಕು, ಯಾವ ದಿನ ಉಪವಾಸ ಇರಬೇಕು, ವಾರಕ್ಕೆ ಎಷ್ಟು ಪ್ರಾರ್ಥನಾ ಕೂಟಗಳಿಗೆ ಹೋಗಬೇಕು? ನಾನು ಪಟ್ಟಿ ಕೊಡುವುದಿಲ್ಲ. ಒಂದೇ ಮಾತು ಹೇಳುತ್ತೇನೆ, ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ. ನಿಮ್ಮ ಒಳ್ಳೆಯ ಕೆಲಸ ದೇವರಿಗೆ ಬೇಕಾಗಿಲ್ಲ. ನಿಮ್ಮ ನೆರೆಯವರಿಗೆ ಬೇಕಾಗಿದೆ.

ಮಾರ್ಟಿನ್ ಲೂಥರ್ ಕಲಿಸಿದ್ದರ ತಿರುಳು ಇಷ್ಟೇ. ಅವರ ಕಾಲದ ಜರ್ಮನಿಯಲ್ಲಿ ದೇವರಿಗೆ ಹತ್ತಿರವಾಗಬೇಕೆಂದವರು ಮಠ ಸೇರುತ್ತಿದ್ದರು. ಲೂಥರ್ ಕೂಡ 1505ರಲ್ಲಿ ಕಾನೂನು ಓದುವುದನ್ನು ಬಿಟ್ಟು ಎರ್ಫುರ್ಟ್ ಪಟ್ಟಣದ ಮಠಕ್ಕೆ ಹೋದರು. ಉಪವಾಸ ಮಾಡಿದರು, ನಿದ್ದೆಗೆಟ್ಟರು, ಪಾಪನಿವೇದನೆಯ ಮೇಲೆ ಪಾಪನಿವೇದನೆ ಮಾಡಿದರು. ನೆಮ್ಮದಿ ಸಿಗಲಿಲ್ಲ. ಕೊನೆಗೆ ಬೈಬಲಿನಲ್ಲಿರುವ, ರೋಮಾಪುರದವರಿಗೆ ಪೌಲನು ಬರೆದ ಪತ್ರದಲ್ಲಿ ಅವರಿಗೆ ಕಂಡದ್ದು ಇದು: ದೇವರ ಮುಂದೆ ನೀತಿವಂತನಾಗುವುದು ಗಳಿಕೆಯಲ್ಲ, ಕ್ರಿಸ್ತನ ನಿಮಿತ್ತ ಸಿಗುವ ದಾನ. ನಂಬಿಕೆ ಅದನ್ನು ಕೈಚಾಚಿ ತೆಗೆದುಕೊಳ್ಳುತ್ತದೆ, ಅಷ್ಟೇ.

ಹಾಗಿದ್ದರೆ ಕೈಕಟ್ಟಿ ಕುಳಿತುಬಿಡಬಹುದಲ್ಲ ಎಂದು ಕೇಳುವವರು ಅಂದೂ ಇದ್ದರು, ಇಂದೂ ಇದ್ದಾರೆ. ಲೂಥರ್ 1520ರಲ್ಲಿಯೇ ಅವರಿಗೆ ಉತ್ತರ ಕೊಟ್ಟರು. ಕ್ರೈಸ್ತನು ನಂಬಿಕೆಯ ಮೂಲಕ ಕ್ರಿಸ್ತನಲ್ಲಿ ಬದುಕುತ್ತಾನೆ, ಪ್ರೀತಿಯ ಮೂಲಕ ನೆರೆಯವನಲ್ಲಿ ಬದುಕುತ್ತಾನೆ ಎಂದರು. ದೇವರಿಗೆ ಸಲ್ಲಿಸಬೇಕಾದ ಬಾಕಿ ಇನ್ನು ಉಳಿದಿಲ್ಲ. ಆದ್ದರಿಂದ ನಿಮ್ಮ ಕೈಗಳು ಬಿಡುವಾಗಿವೆ. ಆ ಕೈಗಳು ಈಗ ಪಕ್ಕದವರಿಗೆ ಸೇರಿದ್ದು. 1522ರಲ್ಲಿ ವಿವಾಹದ ಬಗ್ಗೆ ಬರೆಯುವಾಗ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ತಂದೆಯೊಬ್ಬನು ನಂಬಿಕೆಯಿಂದ ಮಗುವಿನ ಹೊಲಸು ಬಟ್ಟೆ ಒಗೆಯುತ್ತಿದ್ದರೆ ಜನ ಅವನನ್ನು ನೋಡಿ ನಗಬಹುದು, ಆದರೆ ದೇವರು ತನ್ನ ಎಲ್ಲ ದೂತರೊಡನೆ ಅವನನ್ನು ನೋಡಿ ಸಂತೋಷಪಡುತ್ತಾನೆ ಎಂದು ಬರೆದರು. ಐನೂರು ವರ್ಷಗಳ ಹಿಂದೆ, ಗಂಡಸರನ್ನು ಉದ್ದೇಶಿಸಿ ಹೇಳಿದ ಮಾತಿದು. ನಮ್ಮ ಮನೆಗಳ ಗಂಡಸರು ಇದನ್ನು ಇನ್ನೊಮ್ಮೆ ಕೇಳಿಸಿಕೊಂಡರೆ ಒಳ್ಳೆಯದು.

ಈಗ ನನಗೆ ತುಂಬ ಪ್ರಿಯವಾದ ಒಂದು ಪ್ರಸಂಗ. ನನ್ನ ವಿದ್ಯಾರ್ಥಿಗಳು ಇದನ್ನು ಎಷ್ಟೋ ಸಲ ಕೇಳಿದ್ದಾರೆ. ನೀವೂ ಕೇಳಬೇಕು.

ಲೂಥರ್ ಇದ್ದ ವಿಟ್ಟೆನ್‌ಬರ್ಗ್ ಪಟ್ಟಣದಲ್ಲಿ ಪೀಟರ್ ಬೆಸ್ಕೆಂಡಾರ್ಫ್ ಎಂಬ ಕ್ಷೌರಿಕರಿದ್ದರು. ಲೂಥರ್ ಅವರಿಗೆ ಹಳೆಯ ಸ್ನೇಹಿತರು. ಆ ಕಾಲದ ಕ್ಷೌರಿಕರು ಗಡ್ಡ ಕೂದಲು ತೆಗೆಯುವುದರ ಜೊತೆಗೆ ಗಾಯಕ್ಕೆ ಕಟ್ಟು ಹಾಕುತ್ತಿದ್ದರು, ಸಣ್ಣಪುಟ್ಟ ಶಸ್ತ್ರಚಿಕಿತ್ಸೆಯನ್ನೂ ಮಾಡುತ್ತಿದ್ದರು. ಇಡೀ ಪಟ್ಟಣಕ್ಕೆ ಬೇಕಾದ ಮನುಷ್ಯ. ಈ ಪೀಟರ್ ಲೂಥರ್ ಅವರನ್ನು ಕೇಳಿದರು: ನನ್ನಂಥ ಸಾಮಾನ್ಯ ಮನುಷ್ಯ ಪ್ರಾರ್ಥನೆ ಮಾಡುವುದು ಹೇಗೆ?

ಆಗ ಲೂಥರ್ ಯುರೋಪಿನ ಅತಿ ಹೆಸರುವಾಸಿಯಾದ ಬರಹಗಾರ. ಅರಸರಿಗೆ ಪತ್ರ ಬರೆಯುತ್ತಿದ್ದವರು. ಇಡೀ ಬೈಬಲನ್ನು ಜರ್ಮನ್ ಭಾಷೆಗೆ ತಂದು ಹಿಂದಿನ ವರ್ಷವಷ್ಟೇ, 1534ರಲ್ಲಿ, ಅಚ್ಚು ಮಾಡಿಸಿದ್ದವರು. ಅಂಥವರು ಒಬ್ಬ ಕ್ಷೌರಿಕರ ಪ್ರಶ್ನೆಗೆ ಕುಳಿತು ಒಂದು ಕಿರುಪುಸ್ತಕವನ್ನೇ ಬರೆದರು. 1535ರಲ್ಲಿ ಅದು ಅಚ್ಚಾಯಿತು. ಮೇಲಿಂದ ಉಪದೇಶ ಮಾಡುವ ಧಾಟಿ ಅದರಲ್ಲಿಲ್ಲ. ನಾನು ಪ್ರಾರ್ಥನೆ ಮಾಡುವಾಗ ಏನು ಮಾಡುತ್ತೇನೋ ಅದನ್ನೇ ಹೇಳುತ್ತೇನೆ ಎಂದು ಶುರು ಮಾಡುತ್ತಾರೆ. ಬೇರೆ ಕೆಲಸಗಳಿಂದಲೋ ಯೋಚನೆಗಳಿಂದಲೋ ಮನಸ್ಸು ತಣ್ಣಗಾಗಿ ಪ್ರಾರ್ಥನೆ ಬೇಡವೆನಿಸಿದಾಗ ಕೀರ್ತನೆಗಳ ಪುಸ್ತಕ ಹಿಡಿದು ಕೋಣೆಗೆ ಓಡುತ್ತೇನೆ, ಸಮಯವಿದ್ದರೆ ಜನ ಕೂಡಿರುವ ದೇವಾಲಯಕ್ಕೆ ಹೋಗುತ್ತೇನೆ, ಅಲ್ಲಿ ದಶಾಜ್ಞೆಗಳನ್ನೂ ಕ್ರೈಸ್ತ ನಂಬಿಕೆಯ ಸಾರವಾದ ವಿಶ್ವಾಸಪ್ರಮಾಣವನ್ನೂ ಮಕ್ಕಳು ಒಪ್ಪಿಸುವ ಹಾಗೆ ಒಂದೊಂದಾಗಿ ಹೇಳಿಕೊಳ್ಳುತ್ತೇನೆ ಎನ್ನುತ್ತಾರೆ. ಮಹಾಪಂಡಿತರು ಮಕ್ಕಳ ಹಾಗೆ ಪಾಠ ಒಪ್ಪಿಸುವುದು! ಇದನ್ನು ಓದುವಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ಆಮೇಲೆ ಒಂದೊಂದು ಆಜ್ಞೆಯನ್ನೂ ಹೇಗೆ ಪ್ರಾರ್ಥನೆ ಮಾಡಿಕೊಳ್ಳಬೇಕೆಂದು ತೋರಿಸುತ್ತಾರೆ. ಆ ಆಜ್ಞೆ ನನಗೆ ಏನು ಕಲಿಸುತ್ತದೆ, ಅದರಲ್ಲಿ ನಾನು ಯಾವುದಕ್ಕೆ ಕೃತಜ್ಞನಾಗಿರಬೇಕು, ಅದರಲ್ಲಿ ನಾನು ಎಲ್ಲಿ ತಪ್ಪಿದ್ದೇನೆ, ಈಗ ಏನು ಬೇಡಿಕೊಳ್ಳಬೇಕು. ನಾಲ್ಕೇ ಎಳೆ. ಕದಿಯಬಾರದು ಎಂಬ ಆಜ್ಞೆಯನ್ನು ತೆಗೆದುಕೊಳ್ಳಿ. ಒಬ್ಬ ಅಂಗಡಿಯವರು ಬೆಳಿಗ್ಗೆ ತಕ್ಕಡಿಯ ಮುಂದೆ ನಿಂತು ಈ ನಾಲ್ಕು ಎಳೆಗಳನ್ನು ಮನಸ್ಸಿನಲ್ಲಿ ಹೊಸೆದರೆ ಸಾಕು, ಆ ದಿನದ ವ್ಯಾಪಾರವೇ ಬೇರೆಯಾಗುತ್ತದೆ.

ಇನ್ನು ಪೀಟರ್ ಅವರ ಕಸುಬನ್ನೇ ಹಿಡಿದು ಲೂಥರ್ ಹೇಳಿದ ಮಾತು ಬರುತ್ತದೆ. ಒಳ್ಳೆಯ ಕ್ಷೌರಿಕನು ಕಣ್ಣು, ಮನಸ್ಸು ಎರಡನ್ನೂ ಕತ್ತಿಯ ಮೇಲೆ ಮತ್ತು ಕೂದಲಿನ ಮೇಲೆ ಇಟ್ಟಿರುತ್ತಾನೆ. ಹರಟೆ ಹೊಡೆಯುತ್ತ, ಎತ್ತಲೋ ನೋಡುತ್ತ ಕತ್ತಿ ಆಡಿಸಿದರೆ ಗಿರಾಕಿಯ ಬಾಯಿ, ಮೂಗು, ಕತ್ತು ಕೂಡ ಕತ್ತರಿಸಿ ಹೋದೀತು. ಪ್ರಾರ್ಥನೆಗೂ ಅಷ್ಟೇ ಗಮನ ಬೇಕು ಎನ್ನುತ್ತಾರೆ. ಯೇಸು ತನ್ನ ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆಯನ್ನು ಅವರು ಭೂಮಿಯ ಮೇಲಿನ ಅತಿ ದೊಡ್ಡ ರಕ್ತಸಾಕ್ಷಿ, ಅಂದರೆ ಹಿಂಸೆಗೆ ಬಲಿಯಾದ ಹುತಾತ್ಮ, ಎಂದು ಕರೆದರು, ಏಕೆಂದರೆ ಎಲ್ಲರೂ ಅದನ್ನು ಹಿಂಸಿಸುತ್ತಾರೆ. ನಮ್ಮ ಆರಾಧನೆಗಳಲ್ಲಿ ಅದನ್ನು ಬಸ್ಸು ತಪ್ಪುತ್ತದೆ ಎಂಬ ಅವಸರದಲ್ಲಿ ಹೇಳಿ ಮುಗಿಸುವುದನ್ನು ಕೇಳಿದಾಗ ನನಗೆ ಆ ಮಾತು ನೆನಪಾಗುತ್ತದೆ. ದಯವಿಟ್ಟು ನಿಧಾನವಾಗಿ ಹೇಳಿ. ಅನುದಿನದ ಆಹಾರ ಎಂಬಲ್ಲಿ ಒಂದು ಕ್ಷಣ ನಿಲ್ಲಿ. ಆ ಆಹಾರ ಬೆಳೆದವರು, ಬೀಸಿದವರು, ಹೊತ್ತು ತಂದವರು ನಿಮ್ಮ ನೆನಪಿಗೆ ಬರಲಿ. ದೇವರು ಆ ಬೇಡಿಕೆಗೆ ಉತ್ತರ ಕೊಟ್ಟದ್ದು ಅವರ ಕೈಗಳ ಮೂಲಕ.

ಅದೇ ಪುಸ್ತಕದಲ್ಲಿ ಲೂಥರ್ ಒಂದು ಗಾದೆಯನ್ನೂ ನೆನಪಿಸುತ್ತಾರೆ: ನಿಷ್ಠೆಯಿಂದ ದುಡಿಯುವವನು ಎರಡು ಪಟ್ಟು ಪ್ರಾರ್ಥಿಸುತ್ತಾನೆ. ಹಾಗೆಂದು ಪ್ರಾರ್ಥನೆಯನ್ನು ಬಿಡಲು ಹೇಳಲಿಲ್ಲ. ಬೆಳಗಿನ ಮೊದಲ ಕೆಲಸ, ರಾತ್ರಿಯ ಕೊನೆಯ ಕೆಲಸ ಪ್ರಾರ್ಥನೆಯೇ ಆಗಿರಲಿ, ಇದೊಂದು ಕೆಲಸ ಮುಗಿಸಿ ಆಮೇಲೆ ಮಾಡುತ್ತೇನೆ ಎನ್ನುವ ಯೋಚನೆಯ ಬಗ್ಗೆ ಎಚ್ಚರವಿರಲಿ ಎಂದೂ ಬರೆದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು, ಆದರೆ ಮುಗಿಯಲಿಲ್ಲ. ಅದೇ 1535ರ ಈಸ್ಟರ್ ಹೊತ್ತಿಗೆ ಪೀಟರ್ ಮಗಳ ಮನೆಗೆ ಊಟಕ್ಕೆ ಹೋಗಿದ್ದರು. ಅಳಿಯ ಸೈನಿಕ. ತನಗೆ ಯಾವ ಆಯುಧವೂ ತಾಗದಂಥ ವಿದ್ಯೆ ಗೊತ್ತಿದೆ ಎಂದು ಅವನು ಜಂಬ ಕೊಚ್ಚಿಕೊಂಡ. ಪೀಟರ್ ಅವನನ್ನು ಇರಿದುಬಿಟ್ಟರು. ಅಳಿಯ ಸತ್ತುಹೋದ. ಪ್ರಾರ್ಥನೆ ಕಲಿಸಿಕೊಡಿ ಎಂದು ಕೇಳಿದ ಕೈಯೇ ಮಗಳನ್ನು ವಿಧವೆ ಮಾಡಿತು.

ಇದನ್ನು ಕೇಳಿದವರು ಕೂಡಲೇ ಒಂದು ಪ್ರಶ್ನೆ ಎತ್ತುತ್ತಾರೆ: ಹಾಗಾದರೆ ಆ ಪ್ರಾರ್ಥನೆಯಿಂದ ಏನು ಪ್ರಯೋಜನವಾಯಿತು? ಪ್ರಶ್ನೆ ನ್ಯಾಯವಾದದ್ದೇ. ಆದರೆ ನೀವು ನೋಡಬೇಕಾದದ್ದು ಲೂಥರ್ ಮುಂದೆ ಏನು ಮಾಡಿದರು ಎಂಬುದನ್ನು. ಅವರು ಮುಖ ತಿರುಗಿಸಿಕೊಳ್ಳಲಿಲ್ಲ. ಕೊಲೆ ಮಾಡಿದವನ ಹೆಸರಿನ ಜೊತೆ ತನ್ನ ಹೆಸರು ಸೇರೀತು ಎಂದು ಹೆದರಲಿಲ್ಲ. ಅಧಿಕಾರಿಗಳ ಮುಂದೆ ಆ ಕ್ಷೌರಿಕರ ಪರವಾಗಿ ಬೇಡಿಕೊಂಡರು. ಮರಣದಂಡನೆಯಾಗಬೇಕಾಗಿದ್ದ ಪೀಟರ್ ಅವರಿಗೆ ಗಡೀಪಾರಿನ ಶಿಕ್ಷೆಯಾಯಿತು. ಮನೆ, ಆಸ್ತಿ, ಊರು ಎಲ್ಲವನ್ನೂ ಕಳೆದುಕೊಂಡು ಅವರು ಡೆಸ್ಸೌ ಎಂಬ ಪಟ್ಟಣದಲ್ಲಿ ಉಳಿದ ಬದುಕು ಕಳೆದರು. ತಪ್ಪಿಗೆ ಶಿಕ್ಷೆ ಆಯಿತು, ಆದರೆ ಜೀವ ಉಳಿಯಿತು.

ಸಭೆ ಎಂದರೆ ಇದು ಎಂದು ನಾನು ದೃಢವಾಗಿ ನಂಬಿದ್ದೇನೆ. ನಮ್ಮ ಸಭೆಗಳಲ್ಲಿ ಒಬ್ಬರ ಮಗ ಪೊಲೀಸ್ ಠಾಣೆಗೆ ಹೋದರೆ, ಒಬ್ಬರ ಮಗಳ ಮದುವೆ ಮುರಿದುಬಿದ್ದರೆ, ಒಬ್ಬರು ಸಾಲದಲ್ಲಿ ಮುಳುಗಿದರೆ, ಮುಂದಿನ ಭಾನುವಾರ ಅವರ ಬೆಂಚು ಖಾಲಿ ಇರುತ್ತದೆ. ನಾಚಿಕೆಯಿಂದ ಅವರು ಬರುವುದಿಲ್ಲ. ನಾವೂ ಹೋಗಿ ಕರೆಯುವುದಿಲ್ಲ. ಬದಲಿಗೆ ಅವರಿಗಾಗಿ ಪ್ರಾರ್ಥಿಸುತ್ತಿದ್ದೇವೆ ಎನ್ನುತ್ತೇವೆ. ಪ್ರಾರ್ಥಿಸಿ, ಖಂಡಿತ ಪ್ರಾರ್ಥಿಸಿ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಅವರ ಮನೆಗೆ ಹೋಗಿ. ನ್ಯಾಯಾಲಯಕ್ಕೆ ಜೊತೆ ಬೇಕಾದರೆ ಜೊತೆಗೆ ಹೋಗಿ. ನಿಮ್ಮ ಒಳ್ಳೆಯ ಕೆಲಸ ದೇವರಿಗೆ ಬೇಕಾಗಿಲ್ಲ, ಆ ಮನೆಯವರಿಗೆ ಬೇಕಾಗಿದೆ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

1527ರಲ್ಲಿ ವಿಟ್ಟೆನ್‌ಬರ್ಗಿಗೆ ಪ್ಲೇಗು ಬಂದಿತು. ವಿಶ್ವವಿದ್ಯಾಲಯವೇ ಬೇರೆ ಊರಿಗೆ ಹೋಯಿತು. ಲೂಥರ್ ಅಲ್ಲಿಯೇ ಉಳಿದರು. ಪತ್ನಿ ಕ್ಯಾಥರೀನಾ ಗರ್ಭಿಣಿ, ಆದರೂ ಮನೆ ಆಸ್ಪತ್ರೆಯಾಯಿತು. ಓಡಿಹೋಗಬಹುದೇ ಎಂದು ಕೇಳಿದವರಿಗೆ ಅವರು ಕೊಟ್ಟ ಉತ್ತರ ಇಂದಿಗೂ ಸಲ್ಲುತ್ತದೆ: ನಿನ್ನನ್ನು ನಂಬಿಕೊಂಡು ಯಾರೂ ಇಲ್ಲದಿದ್ದರೆ ಹೋಗು, ತಪ್ಪಿಲ್ಲ. ನಿನ್ನ ಆಸರೆ ಬೇಕಾದವರಿದ್ದರೆ ಉಳಿದುಕೋ. ಮನೆಗೆ ಧೂಪ ಹಾಕು, ಔಷಧಿ ತೆಗೆದುಕೋ, ಕೆಲಸವಿಲ್ಲದ ಕಡೆ ಸುಳಿದು ರೋಗ ಹರಡಬೇಡ. ಕೊರೋನಾ ಕಾಲದಲ್ಲಿ ನಂಬಿಕೆ ಇದ್ದವರಿಗೆ ಮಾಸ್ಕ್ ಏಕೆ ಎಂದು ವಾದಿಸಿದವರು ಈ ಉತ್ತರವನ್ನು ಓದಿರಲಿಲ್ಲ ಎಂದು ಕಾಣುತ್ತದೆ.

ನಮ್ಮ ದೇಶದ ಮಾತಿಗೆ ಬಂದರೆ, 1706ರಲ್ಲಿ ತಮಿಳು ಕರಾವಳಿಯ ತರಂಗಂಬಾಡಿಗೆ ಬಂದಿಳಿದ ಲೂಥರನ್ ಮಿಷನರಿ ಸೀಗನ್‌ಬಾಲ್ಗ್ ಅವರು ಜನರ ಭಾಷೆ ಕಲಿತು, ಶಾಲೆ ತೆರೆದು, ಹೊಸ ಒಡಂಬಡಿಕೆಯನ್ನು ತಮಿಳಿಗೆ ತಂದರು. ನಮ್ಮ ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ ಲೂಥರನ್ನರೂ ರಿಫಾರ್ಮ್ಡ್ ಎಂಬ ಇನ್ನೊಂದು ಪ್ರಾಟೆಸ್ಟಂಟ್ ಪಂಥದವರೂ ಕೂಡಿ ನಡೆಸಿದ ಸಂಸ್ಥೆ. ಕ್ರೈಸ್ತರಾದ ಕಾರಣಕ್ಕೆ ಮನೆಯಿಂದ, ಕುಲಕಸುಬಿನಿಂದ ಹೊರಬಿದ್ದವರಿಗೆ ಬರೀ ಉಪದೇಶ ಸಾಲದು, ದುಡಿಮೆಯೂ ಬೇಕೆಂದು ಅವರು ನೇಯ್ಗೆ ಶುರು ಮಾಡಿದರು, 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಮಂಗಳೂರು ಹಂಚು ಎಲ್ಲ ಮತದವರ ಮನೆಗಳ ಮೇಲೂ ಕುಳಿತಿತು. ಇದರ ಬಗ್ಗೆಯೇ ಒಂದು ಗಂಟೆ ಮಾತನಾಡಬಹುದು, ಇಂದು ಆಗುವುದಿಲ್ಲ.

ಕೊನೆಯದಾಗಿ ಲೂಥರ್ 1529ರಲ್ಲಿ ಬರೆದ ಚಿಕ್ಕ ಜ್ಞಾನೋಪದೇಶ, ಅಂದರೆ ನಂಬಿಕೆಯ ಮೂಲಪಾಠಗಳನ್ನು ಪ್ರಶ್ನೋತ್ತರವಾಗಿ ಹೇಳುವ ಕಿರುಪುಸ್ತಕ. ಇದು ನಮ್ಮ ಸಭೆಯ ಪ್ರತಿಯೊಂದು ಮನೆಯಲ್ಲಿಯೂ ಇರಬೇಕಾದ ಪುಸ್ತಕ. ಎಳೆಯರನ್ನು ಸಭೆಯ ಪೂರ್ಣ ಸದಸ್ಯರಾಗಲು ಸಿದ್ಧಪಡಿಸುವ ದೃಢೀಕರಣದ ತರಗತಿ ಮುಗಿದ ದಿನವೇ ಅದನ್ನು ಅಟ್ಟಕ್ಕೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಲೂಥರ್ ಅದನ್ನು ಬರೆದದ್ದು ಮನೆಯವರು ಕೂಡಿ ಓದಲಿ ಎಂದು. ಮೊದಲಿಗೆ ಗೋಡೆಗೆ ಅಂಟಿಸುವ ಹಾಳೆಗಳಾಗಿಯೇ ಅದು ಅಚ್ಚಾಯಿತು. ಬೆಳಿಗ್ಗೆ ಎದ್ದು ಶಿಲುಬೆಯ ಗುರುತು ಮಾಡಿಕೊಂಡು, ವಿಶ್ವಾಸಪ್ರಮಾಣವನ್ನೂ ಕರ್ತನ ಪ್ರಾರ್ಥನೆಯನ್ನೂ ಹೇಳಿ, ಒಂದು ಹಾಡು ಹಾಡಿಕೊಂಡು ಸಂತೋಷದಿಂದ ನಿನ್ನ ಕೆಲಸಕ್ಕೆ ಹೋಗು ಎನ್ನುತ್ತದೆ ಅದು. ನಿನ್ನ ಕೆಲಸಕ್ಕೆ, ಗಮನಿಸಿ. ಇನ್ನೊಂದು ಕೂಟಕ್ಕೆ ಅಲ್ಲ. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದು ಎಂಬ ಆಜ್ಞೆಗೆ ಅದು ಕೊಡುವ ಅರ್ಥವನ್ನು ನೋಡಿ: ನೆರೆಯವನ ಬಗ್ಗೆ ಒಳ್ಳೆಯದನ್ನು ಆಡು, ಅವನು ಮಾಡಿದ್ದಕ್ಕೆಲ್ಲ ಒಳ್ಳೆಯ ಅರ್ಥವನ್ನೇ ಕೊಡು. ವಾಟ್ಸಾಪಿನಲ್ಲಿ ಒಂದು ಸುದ್ದಿಯನ್ನು ಮುಂದಕ್ಕೆ ಕಳುಹಿಸುವ ಮೊದಲು ಇದೊಂದನ್ನು ನೆನಪಿಸಿಕೊಳ್ಳಿ.

ಪಾಪನಿವೇದನೆಯ ಭಾಗದಲ್ಲಿ ನಾನು ಯಾವ ಪಾಪಗಳನ್ನು ಹೇಳಬೇಕು ಎಂಬ ಪ್ರಶ್ನೆಯಿದೆ. ಲೂಥರ್ ಅದಕ್ಕೆ ದೊಡ್ಡ ಪಾಪಗಳ ಪಟ್ಟಿ ಕೊಡುವುದಿಲ್ಲ. ನೀನು ಎಲ್ಲಿ ನಿಂತಿದ್ದೀಯೋ ಅಲ್ಲಿ ನೋಡು ಎನ್ನುತ್ತಾರೆ. ನೀನು ತಂದೆಯೋ, ತಾಯಿಯೋ, ಮಗನೋ, ಮಗಳೋ, ಯಜಮಾನನೋ, ಕೆಲಸದವನೋ? ಅವಿಧೇಯನಾಗಿದ್ದೆಯಾ, ಸೋಮಾರಿಯಾಗಿದ್ದೆಯಾ? ಮಾತಿನಿಂದ ಯಾರನ್ನಾದರೂ ನೋಯಿಸಿದ್ದೀಯಾ? ಮುಂದಿನ ಭಾನುವಾರ ನಿಮ್ಮ ಸಭೆಯಲ್ಲಿ ಕರ್ತನ ಭೋಜನ, ಅಂದರೆ ರೊಟ್ಟಿ ಮತ್ತು ದ್ರಾಕ್ಷಾರಸದ ಸಂಸ್ಕಾರ, ಇದ್ದರೆ, ಶನಿವಾರ ಸಂಜೆಯೇ ಈ ಪ್ರಶ್ನೆಗಳನ್ನು ತೆಗೆದುಕೊಂಡು ಕುಳಿತುಕೊಳ್ಳಿ. ಮನೆಗೆಲಸದ ಹೆಂಗಸಿಗೆ ಕೊಡಬೇಕಾದ ಸಂಬಳ ಬಾಕಿ ಇದೆ ಎಂದು ನೆನಪಾದರೆ ಭಾನುವಾರದ ತನಕ ಕಾಯಬೇಡಿ. ಆ ಸಂಜೆಯೇ ಹೋಗಿ ಕೊಟ್ಟು ಬನ್ನಿ. ತಮ್ಮನೊಡನೆ ಮಾತು ಬಿಟ್ಟಿದ್ದರೆ ಊಟಕ್ಕೆ ಕೂರುವ ಮೊದಲು ಅವನಿಗೆ ಫೋನ್ ಮಾಡಿ.

ಇಷ್ಟು ಹೊತ್ತು ಕೇಳಿದ್ದಕ್ಕೆ ವಂದನೆಗಳು. ನಮಸ್ಕಾರ.