ಅನ್ನಾ ಅಮಾಲಿಯಾ: ಕವಿಗಳು ಬರುವುದಕ್ಕೆ ಮೊದಲು

ಜರ್ಮನಿಯ ವೈಮಾರ್ ಎಂದ ಕೂಡಲೇ ಕವಿ ಗಯಟೆ ನೆನಪಾಗುತ್ತಾನೆ. ಅವನ ಬೆನ್ನಿಗೇ ಕವಿಗಳನ್ನು ಸುತ್ತ ಕೂರಿಸಿಕೊಂಡ ರಾಜಮಾತೆ ಅನ್ನಾ ಅಮಾಲಿಯಾ. ಆದರೆ ಗಯಟೆ ಆ ಊರಿಗೆ ಬಂದದ್ದು 1775ರ ನವೆಂಬರಿನಲ್ಲಿ. ಆಕೆ ಅಧಿಕಾರ ಬಿಟ್ಟುಕೊಟ್ಟು ಆಗಲೇ ಎರಡು ತಿಂಗಳಾಗಿತ್ತು. ಆಕೆಯ ನಿಜವಾದ ಕೆಲಸ ಅದಕ್ಕೂ ಹಿಂದಿನದು ಎಂಬುದು ನನ್ನ ವಾದ.

ಹುಟ್ಟಿದ್ದು 1739ರಲ್ಲಿ, ವೋಲ್ಫೆನ್‌ಬ್ಯುಟೆಲ್‌ನಲ್ಲಿ. ತಂದೆ ಬ್ರೌನ್‌ಷ್ವೈಗ್‌ನ ಡ್ಯೂಕ್, ತಾಯಿ ಪ್ರಷ್ಯದ ದೊರೆ ಎರಡನೇ ಫ್ರೆಡ್ರಿಕನ ತಂಗಿ. 1756ರ ಮಾರ್ಚಿನಲ್ಲಿ ಸ್ಯಾಕ್ಸ್-ವೈಮಾರ್-ಐಸೆನಾಕ್‌ನ ಡ್ಯೂಕನೊಡನೆ ಮದುವೆ. ವಧುವಿಗೆ 16, ವರನಿಗೆ 18. ಮರುವರ್ಷ ಚೊಚ್ಚಲ ಮಗ ಕಾರ್ಲ್ ಆಗಸ್ಟ್. 1758ರ ಮೇ ತಿಂಗಳಲ್ಲಿ ಗಂಡ ತೀರಿಕೊಂಡಾಗ ಆಕೆ ಮತ್ತೆ ಬಸುರಿ. ಎರಡನೆಯ ಮಗ ತಂದೆಯ ಮುಖ ಕಾಣಲಿಲ್ಲ.

ಇಲ್ಲಿ ಕಾನೂನಿನ ತೊಡಕು. ಪಟ್ಟದ ಹಕ್ಕುದಾರ ಕೈಗೂಸು, ಅವನ ಪರವಾಗಿ ಆಳಬೇಕಾದ ತಾಯಿಯೂ ಅಪ್ರಾಪ್ತ ವಯಸ್ಕಳು. ಹಾಗಾಗಿ ಮೊದಲು ಆಕೆಯ ತಂದೆಯೇ ಉಸ್ತುವಾರಿ ವಹಿಸಿದ. ಜರ್ಮನ್ ಸಂಸ್ಥಾನಗಳೆಲ್ಲ ಸೇರಿದ್ದ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಆಕೆಯನ್ನು ಪ್ರಾಪ್ತ ವಯಸ್ಕಳೆಂದು ಘೋಷಿಸಿದ ಮೇಲೆ, 1759ರಲ್ಲಿ, ಆಡಳಿತ ಕೈಗೆ ಬಂತು. ಆಗ ಏಳು ವರ್ಷಗಳ ಯುದ್ಧ ನಡೆಯುತ್ತಿತ್ತು. ಮುದ್ರೆ ಒತ್ತಬೇಕಾದ ಚಕ್ರವರ್ತಿಗೂ ಆಕೆಯ ಸೋದರಮಾವ ಫ್ರೆಡ್ರಿಕನಿಗೂ ಹಗೆ. ಸಾಮ್ರಾಜ್ಯದ ನಿಯಮದಂತೆ ವೈಮಾರ್ ತನ್ನ ಪಾಲಿನ ಸೈನಿಕರನ್ನು ಕಳಿಸಬೇಕಾದದ್ದೂ ಆ ಮಾವನ ವಿರುದ್ಧವೇ!

ಈ ಇಕ್ಕಟ್ಟಿನ ನಡುವೆ 1761ರಲ್ಲಿ ಆಕೆ ಕೈಗೊಂಡ ಒಂದು ನಿರ್ಧಾರ ಇಂದಿಗೂ ಕಣ್ಣೆದುರಿಗಿದೆ. ‘ಹಸಿರು ಅರಮನೆ’ ಎಂಬ ಹಳೆಯ ಕಟ್ಟಡವನ್ನು ಗ್ರಂಥಾಲಯವಾಗಿ ಮಾರ್ಪಡಿಸಿ, ಮುಖ್ಯ ಅರಮನೆಯಲ್ಲಿದ್ದ ಪುಸ್ತಕಗಳನ್ನು 1766ರಲ್ಲಿ ಅಲ್ಲಿಗೆ ಸಾಗಿಸಲಾಯಿತು. 1774ರ ಮೇ ತಿಂಗಳಲ್ಲಿ ಮುಖ್ಯ ಅರಮನೆಗೆ ಬೆಂಕಿ ಬಿತ್ತು. ಪುಸ್ತಕಗಳು ಅಲ್ಲೇ ಇದ್ದಿದ್ದರೆ ಬೂದಿಯೇ ಗತಿ.

1775ರ ಸೆಪ್ಟೆಂಬರ್ 3ರಂದು, ಮಗನಿಗೆ 18 ತುಂಬಿದ ದಿನ, ಅಧಿಕಾರ ಒಪ್ಪಿಸಿದಳು. ಆಮೇಲಿನದು ಎಲ್ಲರೂ ಹೇಳುವ ಕಥೆ: ಗಯಟೆಯ ಸಂಗೀತ ನಾಟಕವೊಂದಕ್ಕೆ ರಾಗ ಸಂಯೋಜನೆ, 1788ರಿಂದ ಎರಡು ವರ್ಷ ಇಟಲಿ, 1807ರ ಏಪ್ರಿಲಿನಲ್ಲಿ ಸಾವು.

ಬೆಂಕಿ ಆ ಗ್ರಂಥಾಲಯವನ್ನೂ ಬಿಡಲಿಲ್ಲ. 2004ರ ಸೆಪ್ಟೆಂಬರ್ 2ರ ರಾತ್ರಿ ಚಾವಣಿಯಿಂದ ಹೊತ್ತಿ, ಸುಮಾರು 50,000 ಪುಸ್ತಕ ನಾಶವಾದವು, 62,000ದಷ್ಟು ಹಾಳಾದವು. ಆಕೆಯ ಸಂಗೀತ ಸಂಗ್ರಹದ ಹೆಚ್ಚಿನ ಭಾಗವೂ ಹೋಯಿತು. ಬೆಂಕಿ ಆರಿಸಿದ ನೀರೂ ಶತ್ರುವೇ: ಒದ್ದೆ ಪುಸ್ತಕಕ್ಕೆ ಎರಡು ಮೂರು ದಿನಗಳಲ್ಲೇ ಬೂಷ್ಟು ಹಿಡಿಯುತ್ತದೆ, ಸುಮ್ಮನೆ ಒಣಗಿಸಿದರೆ ಹಾಳೆಗಳು ಅಂಟಿಕೊಳ್ಳುತ್ತವೆ. ಆದ್ದರಿಂದ ಅವನ್ನು ಸುತ್ತಿ, ಲೈಪ್‌ಜಿಗ್‌ಗೆ ಸಾಗಿಸಿ, ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿಟ್ಟರು. ಅಲ್ಲಿ ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗುತ್ತದೆ. ಒತ್ತಾಗಿ ಜೋಡಿಸಿದ್ದ ಪುಸ್ತಕಗಳ ಒಳಗೆ ಗಾಳಿ ಆಡದ ಕಾರಣ ಎಷ್ಟೋ ಕಡೆ ಅಂಚು ಮಾತ್ರ ಸುಟ್ಟು ಅಕ್ಷರ ಉಳಿದಿತ್ತು. ಅಂಥ ಹಾಳೆಗಳನ್ನು ಬಿಡಿಬಿಡಿಯಾಗಿ ತೊಳೆದು, ಸುಟ್ಟ ಭಾಗವನ್ನು ಕಾಗದದ ನಾರಿನಿಂದ ತುಂಬಿ, ತೆಳು ಜಪಾನಿ ಕಾಗದ ಹೊದಿಸುತ್ತಾರೆ.