ಬ್ಯಾಟ್ ಮುಟ್ಟದೆ ಪಂದ್ಯ ತಿರುಗಿಸಿದವನು

[ಪರದೆ ಮೇಲೆ: ಫೆನ್ವೇ ಪಾರ್ಕ್, ಬಾಸ್ಟನ್. ಅಕ್ಟೋಬರ್ 17, 2004]

ನಮಸ್ಕಾರ. ಒಬ್ಬ ಆಟಗಾರ ಇಡೀ ರಾತ್ರಿ ಬೆಂಚಿನ ಮೇಲೆ ಕೂತಿದ್ದಾನೆ. ಕೊನೆಯ ಇನ್ನಿಂಗ್ಸ್‌ನಲ್ಲಿ ಒಳಗೆ ಬಂದು 90 ಅಡಿ ಓಡುತ್ತಾನೆ. ಅಂದರೆ 27 ಮೀಟರ್ ಚಿಲ್ಲರೆ. ಸೋತೇಹೋಗಿದ್ದ ಬೇಸ್‌ಬಾಲ್ ಪಂದ್ಯ ಅಲ್ಲಿಂದ ತಿರುಗಿತು.

ಅಮೆರಿಕನ್ ಲೀಗ್ ಫೈನಲ್. ಬಾಸ್ಟನ್ ರೆಡ್ ಸಾಕ್ಸ್ ಎದುರಿಗೆ ನ್ಯೂಯಾರ್ಕ್ ಯಾಂಕೀಸ್. ನಾಲ್ಕು ಪಂದ್ಯ ಮೊದಲು ಗೆದ್ದವರು ಪಟ್ಟ ತೀರ್ಮಾನಿಸುವ ಕೊನೆಯ ಸರಣಿ ವರ್ಲ್ಡ್ ಸೀರೀಸ್‌ಗೆ. ಬಾಸ್ಟನ್ ಆಗಲೇ ಮೂರು ಸೋತಿತ್ತು, ಹಿಂದಿನ ರಾತ್ರಿಯಂತೂ 19-8. ಮೇಜರ್ ಲೀಗ್‌ನಲ್ಲಿ 0-3ರಿಂದ ಎದ್ದು ಬಂದ ತಂಡ ಅಲ್ಲಿಯವರೆಗೆ ಒಂದೂ ಇರಲಿಲ್ಲ.

ಈಗ ನಾಲ್ಕನೇ ಪಂದ್ಯ. ಒಂಬತ್ತನೇ ಇನ್ನಿಂಗ್ಸ್, ಸಮಬಲವಾಗದಿದ್ದರೆ ಅದೇ ಕೊನೆಯದು. ಯಾಂಕೀಸ್ 4-3 ಮುಂದೆ. ಎಸೆಯುತ್ತಿರುವುದು ಯಾಂಕೀಸ್ ಪಿಚರ್ ಮರಿಯಾನೋ ರಿವೇರಾ. ಇವರ ಅಸ್ತ್ರ ಹೆಚ್ಚುಕಡಿಮೆ ಒಂದೇ: ಕೊನೇ ಗಳಿಗೆಯಲ್ಲಿ ಸ್ವಲ್ಪ ಪಕ್ಕಕ್ಕೆ ಸರಿಯುವ ಕಟರ್. ಏನು ಬರುತ್ತದೆ ಎಂದು ಬ್ಯಾಟರ್‌ಗೆ ಗೊತ್ತು. ಆದರೂ ಆಡಲಾಗುವುದಿಲ್ಲ.

ಅಂಥ ರಿವೇರಾ ಕೆವಿನ್ ಮಿಲ್ಲರ್‌ಗೆ ನಾಲ್ಕು ಎಸೆತ ಹೊರಗೆ ಹಾಕಿಬಿಟ್ಟರು. ಮಿಲ್ಲರ್‌ಗೆ ಮೊದಲ ಬೇಸ್ ಪುಕ್ಕಟೆ. ಆದರೆ ಪುಣ್ಯಾತ್ಮ ಓಟದಲ್ಲಿ ನಿಧಾನ. ಮ್ಯಾನೇಜರ್ ಟೆರ್ರಿ ಫ್ರಾಂಕೋನಾ ಬೆಂಚಿನಲ್ಲಿದ್ದ ಡೇವ್ ರಾಬರ್ಟ್ಸ್ ಕಡೆ ನೋಡಿ ಕಣ್ಣು ಹೊಡೆದರು. ಮಿಲ್ಲರ್ ಹೊರಗೆ, ರಾಬರ್ಟ್ಸ್ ಒಳಗೆ. ಬೇಸ್‌ಬಾಲ್‌ನಲ್ಲಿ ಒಮ್ಮೆ ಹೊರಗೆ ಹೋದವರು ಆ ಪಂದ್ಯಕ್ಕೆ ವಾಪಸ್ ಬರುವಂತಿಲ್ಲ.

[ಗ್ರಾಫಿಕ್: ನಾಲ್ಕು ಬೇಸ್‌ಗಳ ಚೌಕ]

ಬೇಸ್‌ಗಳನ್ನೆಲ್ಲ ಸುತ್ತಿ ಬಂದರೆ ಒಂದು ರನ್. ಇಲ್ಲಿ ಇನ್ನೊಂದು ನಿಯಮ ಹೇಳಬೇಕು. ಕ್ರಿಕೆಟ್‌ನಲ್ಲಿ ನಾನ್-ಸ್ಟ್ರೈಕರ್ ಬೇಗ ಕ್ರೀಸ್ ಬಿಟ್ಟರೆ ದೊಡ್ಡ ಜಗಳ, ಅಲ್ವಾ? ಬೇಸ್‌ಬಾಲ್‌ನಲ್ಲಿ ಅದೇ ಒಂದು ಕಲೆ. ಪಿಚರ್ ಎಸೆಯಲು ಶುರು ಮಾಡುತ್ತಿದ್ದಂತೆ ಮುಂದಿನ ಬೇಸ್‌ಗೆ ಓಡಬಹುದು. ಇದಕ್ಕೆ 'ಸ್ಟೀಲ್' ಎನ್ನುತ್ತಾರೆ, ಬೇಸ್ ಕದಿಯುವುದು. ಚೆಂಡು ಬ್ಯಾಟರ್ ಹಿಂದೆ ಕೂತ ಕ್ಯಾಚರ್ ಕೈಸೇರಿ, ಅಲ್ಲಿಂದ ಎರಡನೇ ಬೇಸ್‌ಗೆ ಬರುವುದರೊಳಗೆ ತಲುಪಬೇಕು. ಇರುವುದು ಮೂರು ಚಿಲ್ಲರೆ ಸೆಕೆಂಡು.

ಇಷ್ಟು ರಿಸ್ಕ್ ಯಾಕೆ? ಮೊದಲ ಬೇಸ್‌ನಲ್ಲಿ ನಿಂತವನು ಸಾಮಾನ್ಯ ಹೊಡೆತಕ್ಕೆ ರನ್ ಗಳಿಸುವುದು ಕಷ್ಟ. ಎರಡನೆಯದರಲ್ಲಿದ್ದರೆ ಒಂದು ಸಿಂಗಲ್, ಅಂದರೆ ಬ್ಯಾಟರ್ ಮೊದಲ ಬೇಸ್ ತಲುಪುವಷ್ಟು ಹೊಡೆತ, ಸಾಕು. ಸಿಕ್ಕಿಬಿದ್ದರೆ ಮಾತ್ರ ಒಂದು ಔಟ್, ಬೇಸ್‌ಗಳೆಲ್ಲ ಖಾಲಿ, ಸೀಸನ್ ಬಹುತೇಕ ಮುಗಿದ ಹಾಗೆ.

ರಾಬರ್ಟ್ಸ್ ಓಡುತ್ತಾರೆ ಎಂದು ಮೈದಾನದಲ್ಲಿ ಎಲ್ಲರಿಗೂ ಗೊತ್ತಿತ್ತು. ಬೇಸ್ ಬಿಟ್ಟು ಮುಂದೆ ನಿಂತವನನ್ನು ಔಟ್ ಮಾಡಲು ರಿವೇರಾ ಚೆಂಡನ್ನು ಮೊದಲ ಬೇಸ್‌ಗೇ ಎಸೆದರು. ಮತ್ತೆ ಎಸೆದರು. ಮತ್ತೊಮ್ಮೆ. ನನಗೆ ಅನಿಸುವುದು, ಈ ಮೂರು ಎಸೆತಗಳು ರಾಬರ್ಟ್ಸ್‌ಗೇ ಉಪಕಾರ ಮಾಡಿದವು. ಗಂಟೆಗಟ್ಟಲೆ ಚಳಿಯಲ್ಲಿ ಕೂತಿದ್ದ ಕಾಲು ಬೆಚ್ಚಗಾಯಿತು, ಎದೆಬಡಿತ ಹದಕ್ಕೆ ಬಂತು.

[ನಿಧಾನ ಚಲನೆಯ ಅನಿಮೇಷನ್, ಹಿನ್ನೆಲೆ ಸಂಗೀತ ಬೇಡ]

ಮುಂದಿನ ಬ್ಯಾಟರ್ ಬಿಲ್ ಮ್ಯೂಲರ್‌ಗೆ ಮೊದಲ ಎಸೆತ. ರಾಬರ್ಟ್ಸ್ ಹೊರಟೇಬಿಟ್ಟರು. ಕ್ಯಾಚರ್ ಪೊಸಾಡಾ ಎಸೆದದ್ದರಲ್ಲಿ ತಪ್ಪಿರಲಿಲ್ಲ. ಎರಡನೇ ಬೇಸ್ ಬಳಿ ಡೆರೆಕ್ ಜೀಟರ್ ಚೆಂಡು ಹಿಡಿದು ರಾಬರ್ಟ್ಸ್‌ಗೆ ಮುಟ್ಟಿಸಿದರು. ಅಷ್ಟರಲ್ಲಿ ರಾಬರ್ಟ್ಸ್ ಕೈ ಬೇಸ್ ಮೇಲಿತ್ತು. ಕೂದಲೆಳೆ ಅಂತರ. ಸೇಫ್!

ಆಮೇಲೆ ಮ್ಯೂಲರ್ ಚೆಂಡನ್ನು ಪಿಚರ್ ಪಕ್ಕದಿಂದಲೇ ನೇರ ಹೊಡೆದರು. ರಾಬರ್ಟ್ಸ್ ಓಡಿ ಬಂದರು, 4-4. ಸಮಬಲ, ಹಾಗಾಗಿ ಆಟ ಮುಂದುವರಿಯಿತು. 12ನೇ ಇನ್ನಿಂಗ್ಸ್‌ನಲ್ಲಿ ಡೇವಿಡ್ ಆರ್ಟಿಜ್ ಎರಡು ರನ್ನಿನ ಹೋಮ್ ರನ್ ಬಾರಿಸಿದಾಗ ಗಡಿಯಾರದಲ್ಲಿ ರಾತ್ರಿ 1:22. ಬಾಸ್ಟನ್ 6, ಯಾಂಕೀಸ್ 4.

ಮರುರಾತ್ರಿ? ನಂಬಿದರೆ ನಂಬಿ, ಮತ್ತೆ ಮಿಲ್ಲರ್‌ಗೆ ಪುಕ್ಕಟೆ ಬೇಸ್, ಮತ್ತೆ ಅವರ ಬದಲು ರಾಬರ್ಟ್ಸ್, ಮತ್ತೆ ಸಮಬಲದ ರನ್. ಗೆಲುವು 14ನೇ ಇನ್ನಿಂಗ್ಸ್‌ನಲ್ಲಿ. ಇನ್ನೆರಡನ್ನು ನ್ಯೂಯಾರ್ಕ್‌ಗೇ ಹೋಗಿ ಗೆದ್ದರು. ವರ್ಲ್ಡ್ ಸೀರೀಸ್‌ನಲ್ಲಿ ಸೇಂಟ್ ಲೂಯಿಸ್ ಮೇಲೆ 4-0. 1918ರ ನಂತರ ಮೊದಲ ಪಟ್ಟ, 86 ವರ್ಷ ಕಾದದ್ದು.

ಆ ವರ್ಲ್ಡ್ ಸೀರೀಸ್‌ನಲ್ಲಿ ರಾಬರ್ಟ್ಸ್ ಮೈದಾನಕ್ಕೆ ಇಳಿಯಲೇ ಇಲ್ಲ. ಸೀಸನ್ ಮುಗಿದ ಮೇಲೆ ಸ್ಯಾನ್ ಡಿಯಾಗೋ ತಂಡಕ್ಕೆ ಹೋದರು.

[ಪರದೆ ಮೇಲೆ, ಆ ರಾತ್ರಿಯ ಸ್ಕೋರ್ ಪಟ್ಟಿ: ರಾಬರ್ಟ್ಸ್. ಬ್ಯಾಟಿಂಗ್ 0. ರನ್ 1. ಕದ್ದ ಬೇಸ್ 1.]